ಹೊಟ್ಟೆಯ ಮೇಲೊಂದು ಲೇಸು

ಹತ್ತು ಎಚ್‌ಪಿ ಮೋಟಾರಿನ ಹೊಟ್ಟೆ ಬಗೆದು, ಸುಟ್ಟು ಕರಕಲಾದ ತಂತಿಯನ್ನೆಲ್ಲ ಕಿತ್ತೆಸೆದು, ಹೊಸ ತಂತಿ ಸುತ್ತಿ ಮತ್ತೆ ಗುಂಯ್ ಅನ್ನಿಸುವ ಮನುಷ್ಯನಿಗೆ ಒಂದೆಳೆ ನೂಲು ಯಾವ ಲೆಕ್ಕ! ಶನಿವಾರ ಬೆಳಗ್ಗೆ ವೈಂಡಿಂಗ್ ಮಾಸ್ತರು ಹೀಗೆಂದು ಕನ್ನಡಿಗೆ ಹೇಳಿದರು. ಕನ್ನಡಿ ಎದುರಾಡಲಿಲ್ಲ. ಎದುರಾಡುವ ಅಭ್ಯಾಸವಿದ್ದ ಹೆಂಡತಿ ಆಗಲೇ ಪೋಸ್ಟಾಫೀಸಿನ ತಮ್ಮ ಕೆಲಸಕ್ಕೆ ಹೊರಟುಹೋಗಿದ್ದರು. ಇಂಥ ದೊಡ್ಡ ಸಂಕಲ್ಪಗಳನ್ನು ಮಾಡಲು ಮನೆ ಖಾಲಿ ಇರಬೇಕು ಎಂಬುದು ಮಾಸ್ತರ ಮೂವತ್ತು ವರ್ಷದ ದಾಂಪತ್ಯದ ಅನುಭವ.

ಸಂಕಲ್ಪದ ಹಿಂದೆ ಒಂದು ಪಾಪಪ್ರಜ್ಞೆಯೂ ಇತ್ತು. ಹಿಂದಿನ ಭಾನುವಾರ ಮಾಸ್ತರು ಬೀರುವಿನ ಬಾಗಿಲನ್ನು ಎಂದಿನ ಗಂಡಸುತನದಿಂದ ದಢಾರನೆ ಮುಚ್ಚಿದಾಗ ಒಳಗೆ ಹೆಂಡತಿಯ ಬಲಗೈ ಹೆಬ್ಬೆರಳು ಇತ್ತು. ಬೆರಳು ಊದಿ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಬೇರೆ ವಾರವಾಗಿದ್ದರೆ ನಾಲ್ಕು ದಿನ ಬೈಸಿಕೊಂಡು ಸುಮ್ಮನಾಗಬಹುದಿತ್ತು. ಆದರೆ ಆ ವಾರ ಹೆಂಡತಿಯ ಕೈಯಲ್ಲಿ 'ಊರಾಡುವ ಲೇಸು' ಇತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೆಂಡತಿ ಒಂದು ಟ್ಯಾಟಿಂಗ್ ಗುಂಪಿನ ಸದಸ್ಯೆ. ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಶಟಲ್‌ಗೆ ದಾರ ಸುತ್ತಿಕೊಂಡು, ಗಂಟಿನ ಪಕ್ಕ ಗಂಟು ಹಾಕುತ್ತ, ಗಂಟುಗಳನ್ನು ಉಂಗುರವಾಗಿ ಎಳೆದು, ಉಂಗುರಕ್ಕೆ ಉಂಗುರ ಕೂಡಿಸಿ ಲೇಸು ಮಾಡುವವರು ಇವರು. ತಿಂಗಳಿಗೊಮ್ಮೆ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಸೇರುತ್ತಾರೆ. ಉಳಿದ ದಿನವೆಲ್ಲ ತಾವು ಮಾಡಿದ್ದರ ಫೋಟೋಗಳನ್ನು ಫೋನಿನಲ್ಲಿ ಹಂಚಿಕೊಂಡು ಒಬ್ಬರನ್ನೊಬ್ಬರು ಹೊಗಳುತ್ತಾರೆ. ವರ್ಷಕ್ಕೊಂದು ಲೇಸು ಬಿಸ್ಕತ್ತಿನ ಡಬ್ಬಿಯಲ್ಲಿ ಕೂತು ಹನ್ನೆರಡು ಮನೆ ಸುತ್ತುತ್ತದೆ. ಮನೆಗೊಂದು ಸುತ್ತು. ಕೊನೆಯ ಸುತ್ತನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವವರು ಗುಂಪನ್ನು ಕಟ್ಟಿದ ಲೇಸಜ್ಜಿ. ಕೊನೆಯ ಸುತ್ತೇ ಅಂಚು, ಅದು ಕೆಟ್ಟರೆ ಹನ್ನೊಂದು ಜನರ ಶ್ರಮ ಕೆಟ್ಟಂತೆ. ಅದಕ್ಕೇ ಅಜ್ಜಿ ಅಳೆದೂ ಸುರಿದೂ ಕೊಡುತ್ತಾರೆ. ಒಂಬತ್ತು ವರ್ಷ ಮೂರನೆಯದೋ ಐದನೆಯದೋ ಸುತ್ತಿನಲ್ಲೇ ಕೊಳೆಯುತ್ತಿದ್ದ ಹೆಂಡತಿಗೆ ಈ ಸಲ ಡಬ್ಬಿ ಕೊನೆಯಲ್ಲಿ ಬಂದಿತ್ತು. ಭಾನುವಾರ ಹತ್ತು ಗಂಟೆಗೆ ಪ್ರದರ್ಶನ.

ಬದನೆಕಾಯಿ ಬೆರಳಿನಲ್ಲಿ ಶಟಲ್ ಹಿಡಿಯಲಾಗದೆ ಆಕೆ ಒಂದು ವಾರ ಒದ್ದಾಡಿದರು. ಶುಕ್ರವಾರ ಸಂಜೆ ಡಬ್ಬಿ ಮುಚ್ಚಿ, ನಾಳೆ ಸಂಜೆ ಅಜ್ಜಿಗೆ ಹಿಂದಿರುಗಿಸಿ ಬರುತ್ತೇನೆ ಎಂದಷ್ಟೇ ಹೇಳಿ ಒಳಗೆ ಹೋದರು. ಬೈಯಲಿಲ್ಲ. ಆಕೆ ಬೈಯದಿದ್ದದ್ದೇ ಮಾಸ್ತರ ಕರುಳಿಗೆ ತಾಗಿತು.

ಹಾಗೆಂದು ಮಾಸ್ತರು ಕಣ್ಣು ಮುಚ್ಚಿ ಬಾವಿಗೆ ಹಾರಲಿಲ್ಲ. ವಾರವಿಡೀ ಅಂಗಡಿಯಲ್ಲಿ, ಗಿರಾಕಿಗಳ ಮೋಟಾರುಗಳನ್ನು ಕಾಯಲು ಬಿಟ್ಟು, ಹೆಂಡತಿಯ ಹಳೆಯ ಶಟಲ್ ಒಂದನ್ನು ಕದ್ದೊಯ್ದು ಅಭ್ಯಾಸ ಮಾಡಿದ್ದರು. ಗಂಟು ಶಟಲ್‌ನ ದಾರದ ಮೇಲೆ ಬೀಳಬಾರದು, ಬೆರಳಿಗೆ ಸುತ್ತಿದ ದಾರದ ಮೇಲೆ ಬೀಳಬೇಕು. ಇಲ್ಲವಾದರೆ ಉಂಗುರ ಮುಚ್ಚುವುದಿಲ್ಲ. ಈ ಒಂದು ವಾಕ್ಯ ಅರ್ಥವಾಗಲು ಮೂರು ದಿನ ಹಿಡಿಯಿತು. ಅರ್ಥವಾದ ಮೇಲೆ ಮಾಸ್ತರನ್ನು ಹಿಡಿಯುವವರೇ ಇರಲಿಲ್ಲ.

ಶನಿವಾರ ಹನ್ನೊಂದಕ್ಕೆ ಸರಿಯಾಗಿ ಕೂತರು. ಪಕ್ಕದಲ್ಲಿ ಟೀ ಫ್ಲಾಸ್ಕು, ರಸ್ಕು. ಚಳಿ ಇದ್ದದ್ದರಿಂದ ಮೈಮೇಲೆ ಹಸಿರು ಸ್ವೆಟರು. ಮೇಜು ತಗ್ಗಾಗಿತ್ತು, ಬಗ್ಗಿದರೆ ಸೊಂಟ ಹಿಡಿಯುತ್ತಿತ್ತು. ಆರಾಮ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಊಟದ ತಟ್ಟೆಯಗಲದ ಬಿಳಿ ಲೇಸನ್ನು ತಮ್ಮ ಹೊಟ್ಟೆಯ ಮೇಲೆ ಹಾಸಿಕೊಂಡರು. ಇಷ್ಟು ಸಮವಾದ, ಇಷ್ಟು ವಿಶಾಲವಾದ ವರ್ಕ್ ಬೆಂಚನ್ನು ಮೂವತ್ತು ವರ್ಷ ಬಳಸದೆ ವ್ಯರ್ಥ ಮಾಡಿದೆನಲ್ಲ ಎಂದು ಅವರಿಗೆ ಬೇಸರವೂ ಆಯಿತು.

ಲೇಸು ಮಾಡುವವರು ಕೆಲಸವನ್ನು ಕೈಯಲ್ಲೇ ತಿರುಗಿಸುತ್ತ ಹೋಗುತ್ತಾರೆ. ಒಂದು ಉಂಗುರ, ಒಂದು ತಿರುವು. ಆದರೆ ವೈಂಡಿಂಗ್ ವಿದ್ಯೆಯ ಮೊದಲ ಪಾಠವೇ ಬೇರೆ. ಮೋಟಾರು ಕೂತಲ್ಲಿ ಕೂತಿರಬೇಕು, ಕೈ ಅದರ ಸುತ್ತ ಬರಬೇಕು. ಎರಡನೆಯ ಪಾಠ, ಒಮ್ಮೆ ಸುತ್ತಲು ಕೂತರೆ ಮುಗಿಯುವವರೆಗೆ ಏಳಬಾರದು, ಎದ್ದರೆ ಎಣಿಕೆ ತಪ್ಪುತ್ತದೆ. ಮಾಸ್ತರು ಎರಡನ್ನೂ ಚಾಚೂ ತಪ್ಪದೆ ಪಾಲಿಸಿದರು. ಲೇಸನ್ನು ಕದಲಿಸಲಿಲ್ಲ, ತಾವೂ ಕದಲಲಿಲ್ಲ. ಉಂಗುರ ಕಟ್ಟುವುದು, ಹಿಂದಿನ ಸುತ್ತಿನ ಪುಟ್ಟ ಕುಣಿಕೆಯೊಳಗೆ ತುದಿಯಲ್ಲಿ ಕೊಕ್ಕೆಯಿರುವ ಕ್ರೋಶಾ ಕಡ್ಡಿ ತೂರಿಸಿ ದಾರ ಮೇಲೆಳೆಯುವುದು, ಅದರೊಳಗೆ ಶಟಲ್ ದಾಟಿಸಿ ಬಿಗಿಯುವುದು. ಕಡ್ಡಿ ಆಳಕ್ಕೆ ಇಳಿದಷ್ಟೂ ಕೂಡಿಕೆ ಭದ್ರವಾಗುತ್ತಿತ್ತು. ಪ್ರತಿ ಸಲವೂ ಜಗ್ಗಿ ನೋಡಿದರು. ಅಲ್ಲಾಡಲಿಲ್ಲ. ಹೆಂಡತಿಯ ಗುಂಪಿನವರು ಇಂಥ ಭದ್ರತೆಯನ್ನು ಕನಸಿನಲ್ಲೂ ಕಂಡಿರಲಾರರು ಎಂದು ಹಿಗ್ಗಿ, ಇನ್ನೊಂದು ರಸ್ಕು ತಿಂದರು.

ಐದೂಕಾಲಕ್ಕೆ ಇಪ್ಪತ್ತನಾಲ್ಕನೆಯ ಉಂಗುರ ಮುಗಿಯಿತು. ಅದೇ ಹೊತ್ತಿಗೆ ಹೆಂಡತಿ ಬಂದರು. ಮಾಸ್ತರು ಪರದೆ ಸರಿಸುವ ನಾಟಕದವರಂತೆ ಎರಡೂ ಕೈ ಅಗಲಿಸಿ ಹೊಟ್ಟೆಯನ್ನು ತೋರಿಸಿದರು.

ಹೆಂಡತಿ ಬಗ್ಗಿ ನೋಡಿದರು. ಕನ್ನಡಕ ಹಾಕಿಕೊಂಡು ನೋಡಿದರು. ಅವರ ಕಣ್ಣಲ್ಲಿ ನೀರು ಬಂತು. "ಇದನ್ನೆಲ್ಲಾ ನೀವೇ ಮಾಡಿದ್ರಾ?" ಅಂದರು. ಅಷ್ಟು ಮೆತ್ತಗೆ ಅವರು ಮಾತಾಡಿ ಹತ್ತು ವರ್ಷವಾಗಿತ್ತು. ಮಾಸ್ತರು ಅದೇನು ಮಹಾ ಎಂಬಂತೆ ಗಾಳಿಯಲ್ಲಿ ಕೈಯಾಡಿಸಿ, ಎದ್ದು ನಿಂತರು.

ಲೇಸೂ ಎದ್ದು ನಿಂತಿತು.

ಅದು ಜಾರಿ ಬೀಳಬೇಕಿತ್ತು. ಬೀಳಲಿಲ್ಲ. ಹೆಂಡತಿ ಅಂಚು ಹಿಡಿದು ಎತ್ತಿದರು, ಸ್ವೆಟರು ಜೊತೆಗೇ ಎದ್ದಿತು. ಮತ್ತೊಂದು ಕಡೆ ಎತ್ತಿದರು, ಅಲ್ಲೂ ಎದ್ದಿತು. ಇಪ್ಪತ್ತನಾಲ್ಕು ಕಡೆಯಲ್ಲಿ ಇಪ್ಪತ್ತನಾಲ್ಕು ಸಲ ಎದ್ದಿತು. ಕಡ್ಡಿ ಪ್ರತಿ ಸಲವೂ ಲೇಸಿನ ಕುಣಿಕೆಯ ಜೊತೆಗೆ ಅದರ ಕೆಳಗಿದ್ದ ಉಣ್ಣೆಯ ಕುಣಿಕೆಯನ್ನೂ ಹಿಡಿದು ತಂದಿತ್ತು. ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ ಎಂದು ಜನ ಕೇಳಿಕೊಳ್ಳುತ್ತಾರೆ. ಮಾಸ್ತರು ಕೇಳದೆಯೇ ಹೊಟ್ಟೆಯ ಮೇಲೆ ಹಾಕಿಕೊಂಡಿದ್ದರು.

"ಒಂದ್ ಸಲನಾದ್ರೂ ತಿರುಗಿಸಿದ್ರಾ ಇದನ್ನ?" ಹೆಂಡತಿ ಕೇಳಿದರು. ಮೆತ್ತಗಿನ ದನಿ ಬಂದಷ್ಟೇ ಬೇಗ ಹೋಗಿತ್ತು.

"ತಿರುಗಿಸಿದ್ರೆ ಲೈನ್ ಹೋಗತ್ತೆ."

"ಹೋದ್ರೆ ಹೋಗ್ಲಿ ಅಂತ ತಿರುಗಿಸಿದ್ರೆ ಈಗ ನೀವು ಬೇರೆ ಲೇಸು ಬೇರೆ ಆಗಿರ್ತಿದ್ರಿ."

ಬಿಚ್ಚಿದರಾಯಿತು ಎಂದರು ಮಾಸ್ತರು. ಟ್ಯಾಟಿಂಗ್ ಬಿಚ್ಚುವುದಿಲ್ಲ, ಅದು ಗಂಟೇ ಹೊರತು ಹೆಣಿಗೆಯಲ್ಲ ಎಂದು ಹೆಂಡತಿ ಹಲ್ಲು ಕಚ್ಚಿ ವಿವರಿಸಿದರು. ಮೋಟಾರು ಕಟ್ಟುವ ಬಲದಲ್ಲಿ ಬಿಗಿದ ಗಂಟಂತೂ ಭೂಮಿ ಇರುವ ತನಕ ಬಿಚ್ಚುವುದಿಲ್ಲ. ನಂತರ ಫೋನು ಮಾಡಿದರು. ಅರ್ಧ ಗಂಟೆಯಲ್ಲಿ ಲೇಸಜ್ಜಿ ಬಂದರು. ಜೊತೆಗೆ ಗುಂಪಿನ ಹಲ್ಲಿನ ಡಾಕ್ಟರಮ್ಮನೂ ತಮ್ಮ ಪೆಟ್ಟಿಗೆ ಹಿಡಿದು ಬಂದರು. ಸೂಕ್ಷ್ಮ ಕೆಲಸಕ್ಕೆ ಇಡೀ ಗುಂಪಿನಲ್ಲಿ ಅವರದ್ದೇ ಕೈ.

ಡಾಕ್ಟರಮ್ಮ ಮಾಸ್ತರನ್ನು ಆರಾಮ ಕುರ್ಚಿಯಲ್ಲಿ ಮಲಗಿಸಿ, ದೀಪ ಹತ್ತಿರ ಎಳೆದು, ಪುಟ್ಟ ಕನ್ನಡಿಯನ್ನೂ ಕೊಕ್ಕೆಯನ್ನೂ ತೆಗೆದರು. "ಬಾಯಿ ತೆಗೀರಿ" ಅಂದರು, ಅಭ್ಯಾಸಬಲದಿಂದ. ಮಾಸ್ತರು ತೆಗೆದರು, ಭಯದಿಂದ. ಮುಚ್ಚಿ ಅಂತ ಯಾರೂ ಹೇಳದ್ದರಿಂದ ತಪಾಸಣೆ ಮುಗಿಯುವವರೆಗೆ ಬಾಯಿ ತೆಗೆದೇ ಇದ್ದರು.

ತಪಾಸಣೆಯ ಫಲ ಚೆನ್ನಾಗಿರಲಿಲ್ಲ. ಒಂದು ಕೂಡಿಕೆ ಬಿಡಿಸಲು ಕಡಿಮೆಯೆಂದರೆ ಒಂದು ಗಂಟೆ ಬೇಕು. ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕು ಗಂಟೆ. ಕೊಕ್ಕೆ ಒಂದಿಷ್ಟು ಜಾರಿದರೂ ಹನ್ನೊಂದನೆಯ ಸುತ್ತು ಹರಿಯುತ್ತದೆ. ಪ್ರದರ್ಶನಕ್ಕೆ ಉಳಿದಿದ್ದದ್ದು ಹದಿನಾರು ಗಂಟೆ. ಸ್ವೆಟರನ್ನೇ ಕತ್ತರಿಸಿದರೆ ಐದು ನಿಮಿಷದ ಕೆಲಸ ಎಂದು ಡಾಕ್ಟರಮ್ಮ ಕತ್ತರಿ ತೆಗೆದರು.

ಹೆಂಡತಿ ಕಿಟಕಿಯ ಕಡೆ ತಿರುಗಿ ನಿಂತರು. ಆ ಹಸಿರು ಸ್ವೆಟರು ಅವರ ಅಮ್ಮ ಅಳಿಯನಿಗೆಂದು ಹೆಣೆದದ್ದು. ಅದಾದ ಮೇಲೆ ಅವರು ಮತ್ತೇನನ್ನೂ ಹೆಣೆಯಲಿಲ್ಲ. ಅದನ್ನು ಮುಗಿಸಿದ ತಿಂಗಳಲ್ಲೇ ತೀರಿಕೊಂಡಿದ್ದರು. ಮಾಸ್ತರಿಗೆ ಕತ್ತರಿಯೂ ಕಂಡಿತು, ಕಿಟಕಿಯ ಹತ್ತಿರದ ಬೆನ್ನೂ ಕಂಡಿತು. ಆಕೆಯ ಒಂಬತ್ತು ವರ್ಷದ ಆಸೆಯನ್ನು ಹಾಳು ಮಾಡಿ, ಈಗ ಅವಳಮ್ಮನ ಕೈಕೆಲಸವನ್ನೂ ಹಾಳು ಮಾಡುವುದೇ ಎಂದು ಅವರು ಕತ್ತರಿಗೆ ಕೈ ಅಡ್ಡ ಹಿಡಿದರು.

"ಕತ್ತರಿ ಒಳಗಿಡಿ ಡಾಕ್ಟ್ರೇ, ಅತ್ತೆಯವರು ಹೆಣೆದದ್ದು ಅದು" ಅಂದರು. ಹಾಗೆಂದು ಬಾಯಿ ಮುಚ್ಚಿದರು.

ಆಗ ಅಜ್ಜಿ ಉಸ್ತುವಾರಿಯನ್ನು ಕೈಗೆ ತೆಗೆದುಕೊಂಡರು. ನಾಲ್ಕು ಕೈಗಳು ಹುಷಾರಾಗಿ ಸ್ವೆಟರನ್ನು ಮಾಸ್ತರ ತಲೆಯ ಮೇಲಿಂದ ಎಳೆದು ಮೇಜಿನ ಮೇಲೆ ಹಾಸಿದವು. ಹಿಗ್ಗಿದ್ದ ಉಣ್ಣೆ ಮೂಲ ಗಾತ್ರಕ್ಕೆ ಕುಗ್ಗಿತು, ಲೇಸು ಮುದ್ದೆಯಾಗಿ ಕೂತಿತು. ಒಳಗೆ ದಿಂಬು ತುರುಕಿ ನೋಡಿದರು, ಸಾಲಲಿಲ್ಲ. ಎರಡು ದಿಂಬು ತುರುಕಿದರು, ಒಂದೇ ಕಡೆ ಗಂಟು ಗಂಟಾಗಿ ಉಬ್ಬಿತು. ನೀರಿನ ಕೊಡಕ್ಕೆ ತೊಡಿಸಿದರು, ಜಾರಿತು. ಮಿಕ್ಸಿಯ ಪೆಟ್ಟಿಗೆಗೆ ತೊಡಿಸಿದರೆ ಲೇಸಿಗೆ ನಾಲ್ಕು ಮೂಲೆ ಬಂದವು. ಕೊನೆಗೆ ಮತ್ತೆ ಮಾಸ್ತರಿಗೇ ತೊಡಿಸಿದರು. ಲೇಸು ಒಂದು ಸುಕ್ಕೂ ಇಲ್ಲದೆ, ಹನ್ನೆರಡು ಸುತ್ತೂ ತೋರುವಂತೆ, ಹುಣ್ಣಿಮೆಯ ಚಂದ್ರನ ಹಾಗೆ ಅರಳಿತು.

ಮೂವರು ಹೆಂಗಸರು ಆ ಹೊಟ್ಟೆಯನ್ನು ಬಹಳ ಹೊತ್ತು ನೋಡಿದರು. ಅಷ್ಟು ಮೆಚ್ಚುಗೆಯಿಂದ ಅದನ್ನು ಹಿಂದೆ ಯಾರೂ ನೋಡಿರಲಿಲ್ಲ.

"ನಾಳೆ ಹತ್ತಕ್ಕೆ ಬಾಪ್ಪಾ" ಅಂದರು ಅಜ್ಜಿ. "ಬೆಳಗ್ಗೆ ತಿಂಡಿ ಎಷ್ಟು ತಿಂತೀಯೋ ಅಷ್ಟೇ ತಿನ್ನು. ಕಮ್ಮಿ ಮಾಡ್ಬೇಡ."

ಹೀಗೆ ಭಾನುವಾರ ವೈಂಡಿಂಗ್ ಮಾಸ್ತರು ಲೈಬ್ರರಿಯ ಹಾಲಿನಲ್ಲಿ, ಬುಕ್‌ಮಾರ್ಕುಗಳ ಮೇಜಿಗೂ ಕರವಸ್ತ್ರದ ಅಂಚುಗಳ ಮೇಜಿಗೂ ನಡುವೆ, ಹತ್ತರಿಂದ ನಾಲ್ಕರವರೆಗೆ ನಿಂತರು. ಎದೆಗೆ 'ಮುಟ್ಟಬೇಡಿ' ಎಂಬ ಚೀಟಿ. ಬಂದವರು ಬಗ್ಗಿ, ಭೂತಗನ್ನಡಿ ಹಿಡಿದು, ಹೊಟ್ಟೆಯನ್ನು ಓದಿದರು. ಉಸಿರೆಳೆದಾಗ ಲೇಸು ಏಳುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು. ಫೋಟೋ ತೆಗೆಯುವವರು ಉಸಿರು ಹಿಡಿಯಿರಿ ಎಂದರು, ಹಿಡಿದರು. ಒಬ್ಬ ಮಹನೀಯರು ಇದನ್ನು ಗೋಡೆಗೆ ಹಾಕಬಹುದಿತ್ತಲ್ಲ ಎಂದು ಅಜ್ಜಿಯನ್ನು ಕೇಳಿದರು. ಮೊಳೆ ಹೊಡೆಯಲು ಇವರು ಒಪ್ಪಲಿಲ್ಲ ಎಂದರು ಅಜ್ಜಿ.

ಎರಡು ಗಂಟೆಗೆ ಮಾಸ್ತರಿಗೆ ಒಂದು ಸೀನು ಬಂತು. ಬರುತ್ತಿರುವುದು ಹಾಲಿನಲ್ಲಿದ್ದ ಎಲ್ಲರಿಗೂ ಕಂಡಿತು, ಹನ್ನೊಂದು ಹೆಂಗಸರು ಹನ್ನೊಂದು ಕಡೆಯಿಂದ ಓಡಿ ಬಂದರು. ಡಾಕ್ಟರಮ್ಮ ಮಾಸ್ತರ ಮೂಗು ಹಿಡಿದರು. ಸೀನು ಕಿವಿಯ ಕಡೆಗೆಲ್ಲೋ ಹೋಗಿ ತಣ್ಣಗಾಯಿತು.

ಕಡೆಯಲ್ಲಿ ಅಜ್ಜಿ ಬಂದು, ಮಂಜಾದ ಕಣ್ಣಿನವರಾದ್ದರಿಂದ, ಲೇಸನ್ನು ಬೆರಳಲ್ಲೇ ಓದಿದರು. ಒಂದೊಂದು ಸುತ್ತಿಗೂ ಅದು ಯಾರ ಕೈ ಎಂದು ಹೇಳುತ್ತ ಬಂದು ಅಂಚಿನಲ್ಲಿ ನಿಂತರು. ಹೆಂಡತಿ ಉಸಿರು ಬಿಗಿಹಿಡಿದರು. ಮಾಸ್ತರಂತೂ ಬೆಳಗಿನಿಂದಲೇ ಹಿಡಿದಿದ್ದರು.

"ಬಿಗಿ ಜಾಸ್ತಿ. ಆದ್ರೆ ಇಪ್ಪತ್ನಾಲ್ಕೂ ಒಂದೇ ಸಮ" ಅಂದರು ಅಜ್ಜಿ. ಹೆಂಡತಿಯ ಕೈ ಹಿಡಿದು, "ಮುಂದಿನ ವರ್ಷನೂ ಕೊನೇ ಸುತ್ತು ನಿಂದೇ. ಬೆರಳು ವಾಸಿ ಮಾಡ್ಕೊ. ಇವನಿಗೆ ಮಾತ್ರ ಕೊಡ್ಬೇಡ."

ಹೆಂಡತಿ ನಕ್ಕರು. ವಾರದ ಮೇಲೆ ಮೊದಲ ನಗು. ಮಾಸ್ತರಿಗೆ ಆರು ಗಂಟೆ ನಿಂತ ಕಾಲುನೋವು ಮರೆತೇ ಹೋಯಿತು.

ಸಂಜೆ ಮನೆಯಲ್ಲಿ ಹೆಂಡತಿ ಫೋಟೋವನ್ನು ದೊಡ್ಡ ಗುಂಪಿಗೆ ಹಾಕಿದರು. ದೇಶ ವಿದೇಶದ ಟ್ಯಾಟಿಂಗ್ ಮಂದಿಯೆಲ್ಲ ಇರುವ ಗುಂಪು ಅದು. ಮಾಸ್ತರು ಕಾಲಿಗೆ ಬಿಸಿನೀರಿನ ಬಕೆಟ್ಟು ಇಟ್ಟುಕೊಂಡು, ಹೆಂಡತಿಯ ಭುಜದ ಮೇಲಿಂದ ಇಣುಕಿದರು. ಫೋಟೋದಲ್ಲಿ ಕುತ್ತಿಗೆಯಿಂದ ಮೇಲೆ ಏನೂ ಇರಲಿಲ್ಲ. ಸೊಂಟದಿಂದ ಕೆಳಗೂ ಇರಲಿಲ್ಲ. ಮುಖವಿಲ್ಲದಿದ್ದರೇನು, ಕೀರ್ತಿ ಬರುತ್ತದಲ್ಲ ಎಂದು ಕಾದರು.

ಹೊಗಳಿಕೆ ಸುರಿಯತೊಡಗಿತು. ಅಂಚು ಅದ್ಭುತ. ಹಸಿರು ಹಿನ್ನೆಲೆ ಅದ್ಭುತ. ಲೇಸನ್ನು ಉಣ್ಣೆಗೇ ಕೂಡಿಸುವ ಈ ಹೊಸ ವಿಧಾನ ಯಾರದು, ನಾವೂ ಮಾಡುತ್ತೇವೆ ಎಂದು ಏಳು ಜನ ಕೇಳಿದ್ದರು. ಮಾಸ್ತರ ಎದೆ ಉಬ್ಬಿತು. ಎಲ್ಲೋ ದೂರದೂರಿನ ಒಬ್ಬ ಹೆಂಗಸು ಮಾತ್ರ ಲೇಸಿನ ಬಗ್ಗೆ ಚಕಾರವೆತ್ತದೆ, ಲೇಸನ್ನು ಇಷ್ಟು ಚೆನ್ನಾಗಿ ಹಿಡಿದಿರುವ ಆ ದುಂಡು ಸ್ಟ್ಯಾಂಡ್ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದ್ದರು.

ಹೆಂಡತಿ ಎಡಗೈ ಬೆರಳಲ್ಲಿ ಉತ್ತರ ಬರೆದರು: 'ಅಂಗಡಿಯದಲ್ಲ. ಮೂವತ್ತು ವರ್ಷದಿಂದ ಮನೆಯಲ್ಲೇ ಇದೆ. ಗಟ್ಟಿಮುಟ್ಟಾಗಿದೆ, ಸ್ವಲ್ಪ ಸದ್ದು ಮಾಡುತ್ತದೆ.'

ಆ ಕಡೆಯಿಂದ ತಕ್ಷಣ ಬಂತು: 'ಮಾರುತ್ತೀರಾ?'

ಮಾಸ್ತರು ನಗುತ್ತ ಹೆಂಡತಿಯ ಮುಖ ನೋಡಿದರು. ಹೆಂಡತಿ ನಗಲಿಲ್ಲ. ಏನೋ ಬರೆದರು, ಅಳಿಸಿದರು. ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಮತ್ತೆ ಬರೆದರು, ಮತ್ತೆ ಅಳಿಸಿದರು. ಬಕೆಟ್ಟಿನ ನೀರು ತಣ್ಣಗಾಗುವಷ್ಟು ಹೊತ್ತು ಯೋಚಿಸಿ, ಕೊನೆಗೆ ಒಂದೇ ಸಾಲು ಕಳಿಸಿದರು:

'ಸದ್ಯಕ್ಕಿಲ್ಲ.'