ದೋಣಿಯ ಬೂಚು ಮತ್ತು ನನ್ನ ಭಾವಮೈದುನ

ತೇಲುವುದಕ್ಕೆ ನೀರನ್ನೂ, ಮರಳಿ ಬಂದು ನಿಲ್ಲುವುದಕ್ಕೆ ದಡವನ್ನೂ ಕರುಣಿಸಿದ ಭಗವಂತನಿಗೆ ಮೊದಲ ವಂದನೆ. ತಾಯಿ ಕೃಷ್ಣೆಗೂ ಅವಳ ದಂಡೆಯಲ್ಲಿ ನೆಲೆಸಿದ ತಿಂಥಣಿಯ ಮೌನೇಶ್ವರನಿಗೂ ಮರುವಂದನೆ. ಇವರ ಕೃಪೆ ಇಲ್ಲದಿದ್ದರೆ ಇದನ್ನು ಬರೆಯಲು ನಾನು ಉಳಿಯುತ್ತಿರಲಿಲ್ಲ!

ನನ್ನ ಭಾವಮೈದುನನಿಗೆ ಈಜು ಬಾರದು. ಆದುದರಿಂದಲೇ ಅವನು ದೋಣಿ ಕೊಂಡ. ಇದರಲ್ಲಿ ತರ್ಕವೆಲ್ಲಿದೆ ಎಂದು ಕೇಳುವಿರಾ? ಗುರುಗಳ ಪಾದದ ಬಳಿ ಕುಳಿತು ತರ್ಕಶಾಸ್ತ್ರ ಓದಿದ ನನಗೇ ಅದು ಸಿಕ್ಕಿಲ್ಲ. ಕೇಳಿದರೆ ಅವನದೇ ಪ್ರಶ್ನೆ: “ಈಜು ಬರೋರಿಗೆ ದೋಣಿ ಯಾಕ ಬೇಕ್ರಿ, ಮಾಮಾ?”

ಕಾರಣಕರ್ತೆ ಅವನ ಅಕ್ಕ, ಅಂದರೆ ನನ್ನ ಧರ್ಮಪತ್ನಿ. ಇವರ ತಾಯಿ ಹೊಳೆ ತುಂಬಿದ ಮೇಲೆ ಪ್ರತಿವರ್ಷ ಹರಿಗೋಲಿನಲ್ಲಿ ನಡುನೀರಿಗೆ ಹೋಗಿ ಕೃಷ್ಣೆಗೆ ಬಾಗಿನ ಅರ್ಪಿಸುತ್ತಿದ್ದರು. ಸೇತುವೆ ಬಂತು, ಹರಿಗೋಲುಗಳು ಹೋದವು. ನನ್ನಾಕೆಯ ಬಾಗಿನ ದಂಡೆಗೇ ಸೀಮಿತವಾಯಿತು. ಒಮ್ಮೆ ಊಟಕ್ಕೆ ಕುಳಿತಾಗ ಆಕೆ, “ಈ ಮೊಣಕಾಲು ಪೂರಾ ಕೈಕೊಡೂದ್ರೊಳಗ ಒಮ್ಮೆ ನಡುನೀರಾಗ ಬಾಗಿನ ಕೊಡಬೇಕಂತ ಆಸೆ ಐತಿ ನೋಡಪಾ,” ಎಂದಳು. ಕೆಲವೇ ದಿನಗಳಲ್ಲಿ ಶಹಾಪುರದ ಅವನ ಅಂಗಳದಲ್ಲಿ ಒಂದು ಹಳೆಯ ಫೈಬರ್ ದೋಣಿ ವಿರಾಜಮಾನವಾಗಿತ್ತು!

ಈ ಬಗೆಯ ದೋಣಿಯ ಹಿಂಬದಿಯಲ್ಲಿ, ತಳಕ್ಕೆ ಸಮೀಪ, ಒಂದು ಸಣ್ಣ ರಂಧ್ರ. ಅದಕ್ಕೊಂದು ತಿರುಪಿನ ಹಿತ್ತಾಳೆ ಬಿರಡೆ. ನಮ್ಮ ಕಡೆಯ ಮಾತಿನಲ್ಲಿ ಬೂಚು. ದೋಣಿ ನೆಲದ ಮೇಲಿದ್ದಾಗ ಮಳೆನೀರು ಹರಿದುಹೋಗಲೆಂದು ಬೂಚು ತೆಗೆದಿಡಬೇಕು. ನೀರಿಗಿಳಿಸುವ ಮುನ್ನ ಬಿಗಿಯಬೇಕು. ಸೂತ್ರ ಇಷ್ಟೇ, ಭಾಷ್ಯವೂ ಬೇಡ. ಆದರೆ ನಮ್ಮವನು ಅದನ್ನು ತಿರುವುಮುರುವಾಗಿ ಪಾಲಿಸಿದ!

ಅಂಗಳದಲ್ಲಿದ್ದ ದೋಣಿಗೆ ಬೂಚನ್ನು ಭದ್ರವಾಗಿ ಬಿಗಿದ. ಅಂದು ರಾತ್ರಿ ವರುಣದೇವನ ಕೃಪೆ ಧಾರಾಳವಾಗಿತ್ತು. ಬೆಳಿಗ್ಗೆ ನೋಡಿದರೆ ಪಕ್ಕದ ಮನೆಯ ಎಮ್ಮೆ ದೋಣಿಯೊಳಗೆ ಮುಖವಿಟ್ಟು ನೆಮ್ಮದಿಯಿಂದ ನೀರು ಕುಡಿಯುತ್ತಿದೆ! ಎದುರಿನ ವೆಲ್ಡಿಂಗ್ ಅಂಗಡಿಯ ಕಾಸೀಮ್ ಸಾಹೇಬರು ಇವನ ಬಾಲ್ಯಸ್ನೇಹಿತರು. ಅವರು ನಗುತ್ತ, “ಅರೇ ಭಾಯಿ, ಎಲ್ಲಾರ ದೋಣಿ ನೀರಾಗ ಇರ್ತಾವ. ನಿಮ್ಮ ನೀರು ದೋಣ್ಯಾಗ ಐತಲ್ಲ!” ಎಂದರು.

“ಸೋರಂಗಿಲ್ಲ ಅಂತ ಖಾತ್ರಿ ಆತಲ್ರಿ, ಸಾಹೇಬ್ರ!” ಎಂದ ಮಹಾನುಭಾವ.

ಅಂದಿನಿಂದ ಬೂಚು ಅವನ ಅಂಗಿಯ ಜೇಬು ಸೇರಿತು. ಒಂದು ಮದುವೆಯಲ್ಲಿ ಅದೇ ಜೇಬಿಗೆ ಅಕ್ಷತೆಯನ್ನೂ ಸುರಿದುಕೊಂಡ. ಗಟ್ಟಿಮೇಳದ ಹೊತ್ತಿಗೆ ಭಕ್ತಿಯಿಂದ ಎರಚಿದ ಅಕ್ಕಿಯ ಜೊತೆ ಬೂಚೂ ಹಾರಿ ವರನ ಬಾಸಿಂಗಕ್ಕೆ ಠಣ್ಣೆಂದು ಬಡಿಯಿತು! ವರನ ಹಣೆ ಏನಾಯಿತೆಂದು ಕೇಳಬೇಡವೇ? ಇವನು ಕೇಳಿದ್ದು, “ತಿರುಪು ಕೆಟ್ಟಿಲ್ಲಲ್ಲ?”

ಕೊನೆಗೆ ಶುಭದಿನ ಬಂತು. ತಿಂಥಣಿಯ ದಂಡೆಯಲ್ಲಿ ದೋಣಿಗೆ ಕೃಷ್ಣೆಯ ನೀರಿನಿಂದಲೇ ಅಭಿಷೇಕ. ಆ ನೀರು ಇಳಿದುಹೋಗಲೆಂದು ಬೂಚು ಬಿಗಿಯದೆ ಬಿಟ್ಟ, ಅಲ್ಲಿಯವರೆಗೆ ಸರಿಯೇ. ದೋಣಿಯ ಪ್ರಾಣವೇ ಇದು ಎಂದು ಬೂಚನ್ನು ಪೂಜೆಯ ತಟ್ಟೆಯಲ್ಲಿಟ್ಟು ಕುಂಕುಮ ಹಚ್ಚಿದ, ಹೂ ಏರಿಸಿದ, ಆರತಿ ಎತ್ತಿದ. ಬಳಿಕ ತಟ್ಟೆಯನ್ನು ಮೌನೇಶ್ವರನ ಗುಡಿಗೆ ಒಯ್ದು ಅರ್ಪಿಸಿ, ಪ್ರಸಾದದ ಕಾಯಿಹೋಳು ಹಿಡಿದು ಪ್ರಸನ್ನವದನನಾಗಿ ಮರಳಿದ. ಕಾಯಿ ಬಂತು. ಬೂಚು ದೇವರಲ್ಲೇ ಉಳಿಯಿತು!

ಕಾಸೀಮ್ ಸಾಹೇಬರು ದೋಣಿಗೆ ಕಟ್ಟಿದ ಹಗ್ಗ ಹಿಡಿದು ದಂಡೆಯಲ್ಲಿ ನಿಂತರು. ನಾವು ಮೂವರೂ ತೇಲುವ ಅಂಗಿ ತೊಟ್ಟು ಕುಳಿತೆವು. ಇವನು ಹುಟ್ಟು ಹಾಕಿದ. ತುಸು ದೂರ ಸಾಗಿದ್ದೇ ನನ್ನ ಪಾದಗಳು ತಣ್ಣಗಾದವು.

“ಅಭಿಷೇಕದ ನೀರು ಇನ್ನೂ ಉಳಿದಿದೆಯೇನಪ್ಪಾ?” ಎಂದೆ.

ಅವನು ಜೇಬು ಮುಟ್ಟಿಕೊಂಡ. “ಮಾಮಾ... ಬೂಚು ಗುಡ್ಯಾಗ ಐತ್ರಿ!”

ನಾನು ಬಾಗಿನದ ಮೊರವನ್ನು ತಲೆಯ ಮೇಲೆ ಹೊತ್ತು ಇಷ್ಟದೇವರನ್ನು ನೆನೆದೆ. ನನ್ನಾಕೆ ಯಾರನ್ನೂ ನೆನೆಯಲಿಲ್ಲ. ನೋಯುವ ಮೊಣಕಾಲನ್ನು ನೀರಿಗೆ ಊರಿ, ಸೆರಗನ್ನು ಸುರುಳಿ ಸುತ್ತಿ ರಂಧ್ರಕ್ಕೆ ತುರುಕಿ, ಅಂಗೈಯಿಂದ ಒತ್ತಿ ಹಿಡಿದಳು. “ಹುಚ್ಚಪ್ಪಾ, ಬಾಯಿ ತಕ್ಕೊಂಡು ಏನ್ ನೋಡ್ತಿ? ಹುಟ್ಟು ಹಾಕು, ನಾ ಹಿಡಿದೀನಿ! ಸಾಹೇಬ್ರ, ಜಗ್ರಿ!”

ಸಾಹೇಬರು ಜಗ್ಗಿದರು. ದಡ ಮುಟ್ಟಿದೆವು. ಅಷ್ಟರಲ್ಲಿ ಪೂಜಾರಿಗಳು ಕುಂಕುಮದ ಬೂಚು ಹಿಡಿದು ಓಡಿಬಂದರು: “ಇದೇನ್ರಿ ಯಪ್ಪಾ, ನೈವೇದ್ಯ ಅಂತೀರೇನು?”

ಎಲ್ಲರೂ ನಕ್ಕೆವು, ಇವನೊಬ್ಬ ನಗಲಿಲ್ಲ. ಮರಳಿನಲ್ಲಿ ಕುಳಿತು ಅಕ್ಕನ ಒದ್ದೆ ಸೆರಗನ್ನು ಹಿಂಡುತ್ತ ಮೆಲ್ಲಗೆ ಅಂದ: “ಸಣ್ಣಾಂವ ಇದ್ದಾಗ ಅವ್ವನ ಜೋಡಿ ಬಂದಾಗ ಹರಿಗೋಲು ಸೋರಿತ್ತು. ಆಗೂ ಹಿಂಗ ಸೆರಗು ಒತ್ತಿ ಹಿಡಿದಿದ್ದಿ, ಅಕ್ಕಾ. ಈ ಸಲ ನಾ ನಿನ್ನ ನೆನೀದಂಗ ಕರಕೊಂಡು ಹೋಗಬೇಕಂತ ಇದ್ದೆ.”

“ಆಗೂ ಅತ್ತಿದ್ದಿ, ಈಗೂ ಅಳಾಕತ್ತಿ,” ಎಂದಳು ಆಕೆ, ಅವನ ತಲೆ ಸವರುತ್ತ. “ಹೊಸಾದು ಮೀಸಿ ಒಂದ! ಏಳು, ಬೂಚು ಹಾಕು. ಬಾಗಿನ ಹಂಗ ಉಳದೈತಿ.”

ಮತ್ತೆ ಹೋದೆವು, ಸಾಹೇಬರ ಹಗ್ಗ ಎಟುಕುವಷ್ಟೇ ದೂರ. ಅದನ್ನೇ ನಡುನೀರೆಂದು ನನ್ನಾಕೆ ಒಪ್ಪಿಕೊಂಡು ಬಾಗಿನ ತೇಲಿಬಿಟ್ಟಳು. ದೋಣಿಯನ್ನು ದಡಕ್ಕೆಳೆದ ಮೇಲೆ ಅವನು ನಿಯಮದಂತೆ ಬೂಚು ತೆಗೆದ. ಜೇಬಿಗಿಡಲಿಲ್ಲ, ಅಕ್ಕನ ಕೈಗಿತ್ತ. ಆಕೆ ಅದನ್ನು ಇನ್ನೂ ಆರದ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಬೂಚು ಮರೆತವನಿಗೂ, ಮರಳಿ ತಂದ ಪೂಜಾರಿಗಳಿಗೂ, ಹಗ್ಗ ಬಿಡದ ಸಾಹೇಬರಿಗೂ, ಪೆಟ್ಟು ತಿಂದ ಮದುಮಗನಿಗೂ, ಮೊದಲ ತೀರ್ಥ ಕುಡಿದ ಆ ಎಮ್ಮೆಗೂ ತಾಯಿ ಕೃಷ್ಣೆ ಆಯುರಾರೋಗ್ಯ ಕೊಡಲಿ. ಆ ಸೆರಗಿನ ಗಂಟು ಬಹುಕಾಲ ಗಟ್ಟಿಯಾಗಿರಲಿ.