ಒತ್ತಕ್ಷರ ತಪ್ಪಿದ ತಿಥಿ ಕಾರ್ಡು

ಪರದೆಯ ಮೇಲೆ ಸರಿಯಾಗಿ ಕಂಡದ್ದು ಕಾಗದದ ಮೇಲೂ ಸರಿಯಾಗಿಯೇ ಇರುತ್ತದೆ ಎಂದು ನಂಬುವವರ ಪೈಕಿ ನಾನೂ ಒಬ್ಬ. ಈ ನಂಬಿಕೆಯಿಂದ ನನಗೇನೂ ನಷ್ಟವಾಗಿಲ್ಲ. ಆದದ್ದೆಲ್ಲ ಬೇರೆಯವರಿಗೆ.

ಸಕಲೇಶಪುರದ ಬಸ್ ಸ್ಟ್ಯಾಂಡ್ ಎದುರು ನಾನು ಡಿಟಿಪಿ ಅಂಗಡಿ ಇಟ್ಟಿದ್ದ ಕಾಲದ ಮಾತು. ಹಾಸನದಲ್ಲಿ ಆರು ತಿಂಗಳು ಪ್ರೋಗ್ರಾಮಿಂಗ್ ಕಲಿತು ಬಂದಿದ್ದೆ. ಊರಲ್ಲಿ ಪ್ರೋಗ್ರಾಂ ಬರೆಸಿಕೊಳ್ಳುವ ಪ್ರಾಣಿ ಒಂದೂ ಇರಲಿಲ್ಲ. ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳ ರಜೆ ಅರ್ಜಿ, ಮದುವೆ ಹುಡುಗಿಯರ ಬಯೋಡೇಟಾ, ಅಷ್ಟೇ. ಕಲಿತದ್ದು ಮರೆತುಹೋದೀತೆಂಬ ಭಯಕ್ಕೆ ಎಲ್ಲವನ್ನೂ ಕೋಡ್ ಎಡಿಟರ್‌ನಲ್ಲೇ, ಅಂದರೆ ಪ್ರೋಗ್ರಾಂ ಬರೆಯುವ ಜಾಗದಲ್ಲೇ, ಟೈಪ್ ಮಾಡಿ, ಪ್ರಿಂಟಿಗೆ ಮಾತ್ರ ಡಿಟಿಪಿಗೆ ಹಾಕಿಕೊಳ್ಳುತ್ತಿದ್ದೆ. ಒಮ್ಮೆ ಮನೆಯ ಸಾಮಾನಿನ ಚೀಟಿಯನ್ನೂ ಹಾಗೆಯೇ ಮಾಡಿಕೊಟ್ಟಿದ್ದೆ, ಅದು ಹೆಂಡತಿಯ ಕೈಯಿಂದ ನೇರ ಒಲೆಗೆ ಹೋಗಿತ್ತು.

ಮಗ್ಗೆಯ ರುದ್ರಪ್ಪನವರು ಬಂದದ್ದು ಹೆಂಡತಿ ಪುಟ್ಟಮ್ಮ ತೀರಿಕೊಂಡ ನಾಲ್ಕನೇ ದಿನ. ಶಿವಗಣಾರಾಧನೆಗೆ, ಅಂದರೆ ತಿಥಿಗೆ, ಕಾರ್ಡು ಬೇಕಿತ್ತು. "ನಂಗೆ ಓದಕ್ಕೆ ಬರಕ್ಕಿಲ್ಲ. ನೀವೊಂದ್ಸಲ ನೋಡ್ಬುಟ್ರೆ ಸಾಕು," ಎಂದರು. "ನೋಡಿದೀನಿ," ಎಂದೆ. ನೋಡಿದ್ದು ಪರದೆಯನ್ನು. ಪ್ರತಿ ಕಾರ್ಡಿನಲ್ಲೂ ಆಯಾ ನೆಂಟರ ಹೆಸರು ತಾನಾಗಿ ಬರುವಂತೆ ಪ್ರೋಗ್ರಾಂ ಬರೆದ ಹೆಮ್ಮೆಯಲ್ಲಿ, ಈ ಸಲ ಮಾತ್ರ ಎಡಿಟರ್‌ನಿಂದಲೇ ಪ್ರಿಂಟ್ ತೆಗೆದು, ಕರೆಂಟ್ ಹೋಗುವುದರೊಳಗೆ ಮಡಿಚಿ ಕೊಟ್ಟುಬಿಟ್ಟೆ.

ಎರಡು ದಿನದ ಮೇಲೆ ಬಿಸಿಲೆ ಕಡೆಯ ಬಸ್ಸಿಳಿದು ಒಬ್ಬ ಹೆಂಗಸು ಅಂಗಡಿಗೆ ಬಂದರು. ಹೆಸರು ನಾಗಮ್ಮ. ಕಾರ್ಡಿನ ಕೆಳಗೆ ನನ್ನ ಅಂಗಡಿಯ ಹೆಸರು ನೋಡಿಕೊಂಡು ಬಂದಿದ್ದರು.

"ಯಾರು ಹೋಗಿದ್ದು ಸ್ವಾಮಿ? ಪುಟ್ಟಕ್ಕನಾ, ಭಾವನಾ?"

ಕಾರ್ಡು ತೆಗೆದುಕೊಂಡು ನೋಡಿದೆ. "ನನ್ನ ಪತ್ನಿ ಪುಟ್ಟಮ್ಮ ಲಿಂಗೈಕ್ಯರಾದರು" ಎಂದು ನಾನು ಟೈಪ್ ಮಾಡಿದ್ದ ಕಡೆ "ನನ? ಪತಿ? ಪುಟ?ಮ? ಲಿಂಗೈಕ?ರಾದರು" ಎಂದಿತ್ತು. ಎಡಿಟರ್ ನಮ್ಮ ಒತ್ತಕ್ಷರಗಳನ್ನು ಅಕ್ಷರವೆಂದೇ ಒಪ್ಪದೆ, ಪ್ರಿಂಟ್ ಮಾಡುವಾಗ ಒಂದೊಂದರ ಜಾಗದಲ್ಲೂ ಪ್ರಶ್ನಾರ್ಥಕ ಚಿಹ್ನೆ ಕೂರಿಸಿತ್ತು. ಪತ್ನಿಯ ಒತ್ತು ಬಿದ್ದುಹೋಗಿ ಪತಿಯಾಗಿತ್ತು. ಶಿವಗಣಾರಾಧನೆ ಎಂಬ ಪದಕ್ಕೆ ಒತ್ತೇ ಇಲ್ಲದ್ದರಿಂದ ಅದೊಂದು ಚೊಕ್ಕವಾಗಿ ಬಂದಿತ್ತು. ಸಾವು ಖಚಿತ, ಸತ್ತವರು ಯಾರೆಂಬುದನ್ನು ಮಾತ್ರ ಓದುವವರಿಗೆ ಬಿಟ್ಟಿದ್ದೆ.

"ಪುಟ್ಟಮ್ಮನೋರು," ಎಂದೆ.

ನಾಗಮ್ಮ ಅಳಲಿಲ್ಲ. ಸ್ಟೂಲಿನ ಮೇಲೆ ಕೂತರು. "ನಾವಿಬ್ರೂ ಎಸ್ಟೇಟಿನ ಒಂದೇ ಲೈನ್ ಮನೇಲಿ ಬೆಳ್ದೋರು. ಒಟ್ಟಿಗೇ ಕಾಫಿ ಹಣ್ಣು ಕುಯ್ದೋರು. ದಾರಿಯುದ್ದಕ್ಕೂ ಭಾವನೇ ಹೋಗಿರ್ಲಿ ದೇವ್ರೇ ಅಂತ ಬೇಡ್ಕೊಂಡ್ ಬಂದ್ಬುಟ್ಟೆ ಕಣಪ್ಪ. ಎಂಥಾ ಪಾಪಿ ನಾನು. ಈಗ ಆ ಮನುಷ್ಯನ ಮುಖ ಹೆಂಗೆ ನೋಡ್ಲಿ?"

ಪಾಪಿ ಅವರಲ್ಲ, ಸ್ಟೂಲಿನ ಎದುರು ನಿಂತವನು ಎಂದು ಹೇಳುವ ಧೈರ್ಯವಾಗಲಿಲ್ಲ. ಬಾಗಿಲು ಎಳೆದು ಅವರ ಜೊತೆಯಲ್ಲೇ ಮಗ್ಗೆಗೆ ಬಸ್ ಹತ್ತಿದೆ. ಎಡಿಟರ್, ಫಾಂಟು, ಪ್ರಿಂಟರ್ ಮೂರರ ತಪ್ಪನ್ನೂ ಹೇಗೆ ವಿವರಿಸಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅಭ್ಯಾಸ ಮಾಡಿದೆ. ನನ್ನ ಹೆಸರು ಎಲ್ಲೂ ಬರದಂತೆ ಚೆನ್ನಾಗಿ ಹೊಂದಿಸಿಯೂ ಇದ್ದೆ.

ರುದ್ರಪ್ಪನವರು ಜಗಲಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಇನ್ನೂ ಹಂಚದ ಕಾರ್ಡಿನ ಕಟ್ಟು. ನಾಗಮ್ಮ ಕಂಬದ ಮರೆಯಲ್ಲೇ ನಿಂತರು. ನಾನು ಸುತ್ತಿ ಬಳಸಿ ಶುರುಮಾಡಿದೆ. ಅವರು ತಡೆದರು.

"ಅದೆಲ್ಲ ಇರ್ಲಿ. ಈಗ ಅದ್ರಾಗೆ ಏನಂತ ಐತೆ?"

"ಪತ್ನಿ ಹೋಗಿ... ಪತಿ ಅಂತಾಗಿದೆ. ನೀವು ಹೋದ ಹಾಗೆ."

ಅವರು ಕಾರ್ಡಿನ ಕಟ್ಟನ್ನು ಪಕ್ಕಕ್ಕೆ ಸರಿಸಿದರು. "ಹಂಗೇ ಆಗಿದ್ರೆ ಚೆನ್ನಾಗಿತ್ತು ಬುಡಿ," ಎಂದರು.

ಕಂಬದ ಮರೆಯಲ್ಲಿ ನಾಗಮ್ಮ ಆಗ ಅತ್ತರು. ರುದ್ರಪ್ಪನವರು ತಿರುಗಿ ನೋಡಿ, "ಯಾರು, ನಾಗೂನಾ? ಬಾವ್ವ, ಒಳಿಕ್ಕೆ ಬಾ," ಎಂದು ಎದ್ದು ಹೋಗಿ ಕೈ ಹಿಡಿದು ಕರೆತಂದರು. ಬಸ್ಸಿನಲ್ಲಿ ಬೇಡಿಕೊಂಡದ್ದನ್ನು ಆಕೆ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಉಳಿದ ಕಾರ್ಡುಗಳನ್ನು ಅಲ್ಲೇ ಕೂತು ಪೆನ್ನಿನಿಂದ ತಿದ್ದಿಕೊಡುತ್ತೇನೆಂದೆ. ನಾಲ್ಕು ಮುಗಿಸಿದ್ದೆ. ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದ್ದ ನಾಗಮ್ಮ ಕಣ್ಣೊರೆಸಿಕೊಂಡು ಒಂದನ್ನು ಎತ್ತಿ ನೋಡಿ, "ಪುಟ್ಟಮ್ಮಂಗೆ ಮಾವತ್ತು ಎಲ್ಲಿ? ಎರಡು ಕಡೆಗೂ ಟಾವತ್ತೇ ಕೊಟ್ಟಿದ್ದೀರಲ್ಲ!" ಎಂದು ಪೆನ್ನು ಕಿತ್ತುಕೊಂಡರು. ತಪ್ಪನ್ನು ಕಂಪ್ಯೂಟರ್ ಮೇಲೆ ಹೊರಿಸೋಣವೆಂದರೆ ಆ ಜಗಲಿಯಲ್ಲಿ ಕಂಪ್ಯೂಟರ್ ಇರಲಿಲ್ಲ.