ಹದಿನೇಳನೇ ಇಲಿಯ ನಾಲ್ಕು ನಿಮಿಷ

ಬೆಟಗೇರಿ, ೧೯ ಆಗಸ್ಟ್ ೧೯೮೮

ಮಾನ್ಯ ಡಾಕ್ಟರ ಸಾಹೇಬರೇ,

ಗದಗಿನ ತಮ್ಮ ಔಷಧ ಪರೀಕ್ಷಾಲಯದಲ್ಲಿ ಮೂರು ವರ್ಷ ಇಲಿಗಳ ಊಟ, ನೀರು, ಹಾಸಿಗೆ ನೋಡಿಕೊಂಡು, ಹೋದ ವಾರ ಕೆಲಸದಿಂದ ಬಿಡುಗಡೆ ಪಡೆದ ಮಾಶಾಕನ ಅನಂತ ಸಲಾಮುಗಳು. ಪರೀಕ್ಷೆ ನಡೆಯುವಾಗ ಹೊರಗಿನ ಹೆಂಗಸನ್ನು ಒಳಗೆ ಬಿಟ್ಟಿದ್ದೇಕೆ, ಆಕೆ ಹದಿನೇಳನೇ ನಂಬರಿನ ಇಲಿಯನ್ನು ಮುಟ್ಟಿದ್ದೇಕೆ ಎಂದು ಕೇಳಿ ತಾವು ಕಳಿಸಿದ ನೋಟಿಸು ತಲುಪಿತು. ಉತ್ತರವನ್ನು ತಮಗೊಬ್ಬರಿಗೇ ಕಳಿಸದೆ ಊರ ಮುಂದಿಡುತ್ತಿದ್ದೇನೆ. ಇಷ್ಟು ದೊಡ್ಡ ವಿದ್ಯೆ ನಮ್ಮಲ್ಲಿ ನಡೆಯುತ್ತಿರುವುದು ಜನಕ್ಕೂ ತಿಳಿಯಲಿ ಎಂಬ ಸದುದ್ದೇಶ ಬಿಟ್ಟರೆ ಬೇರೇನೂ ಇಲ್ಲ.

ರಕ್ತದ ಕೊಲೆಸ್ಟರಾಲ್ ಇಳಿಸುವ ಗುಳಿಗೆ ಮನಸ್ಸಿನ ಮಂಕನ್ನೂ ಇಳಿಸೀತೇ ಎಂದು ನೋಡಲು ತಾವು ನಲವತ್ತು ಬಿಳಿ ಇಲಿಗಳಿಗೆ ಅದನ್ನು ಅರೆದು ಕುಡಿಸಿ, ಗಾಜಿನ ಜಾಡಿಯ ನೀರಿನಲ್ಲಿ ಆರಾರು ನಿಮಿಷ ಬಿಟ್ಟು, ಗಡಿಯಾರ ಹಿಡಿದು ನಿಲ್ಲುತ್ತಿದ್ದಿರಿ. ಕಾಲು ಬಡಿಯುವ ಇಲಿ ಹುರುಪಿನದು, ಬಡಿಯುವುದನ್ನು ಬಿಟ್ಟು ತೇಲುವ ಇಲಿ ಖಿನ್ನತೆಯದು. ನಾನು ತುಂಗಭದ್ರೆಯ ದಂಡೆಯ ಕೊರ್ಲಹಳ್ಳಿಯವನು, ಹರಗೋಲು ನಡೆಸುವವರ ಮಗ. ನಮ್ಮಲ್ಲಿ ನೀರಿಗೆ ಬಿದ್ದು ಕೈಕಾಲು ಬಡಿಯುವವನಿಗೆ ಈಜು ಬಾರದೆಂದೂ, ಸುಮ್ಮನೆ ತೇಲುವವನಿಗೆ ಬರುತ್ತದೆಂದೂ ತಿಳಿಯುತ್ತಾರೆ. ನಮ್ಮಪ್ಪ ಬೇಸಿಗೆಯ ಸಂಜೆ ಹೊಳೆಯಲ್ಲಿ ಅಂಗಾತ ತೇಲುತ್ತ ಬೀಡಿ ಸೇದುತ್ತಿದ್ದ. ಅಂಥ ಘೋರ ಖಿನ್ನತೆಯಲ್ಲಿ ಆತ ಎಂಬತ್ತು ವರ್ಷ ಹೇಗೆ ಬದುಕಿದನೋ, ತಮ್ಮ ಶಾಸ್ತ್ರವೇ ಹೇಳಬೇಕು.

ಆದರೂ ಆ ಗುಳಿಗೆಯ ಮೇಲೆ ನನಗೆ ಆಸೆಯಿತ್ತು, ಮುಚ್ಚಿಡುವುದಿಲ್ಲ. ಕಳೆದ ಚಳಿಗಾಲದಲ್ಲಿ ನಮ್ಮ ಏಳು ತಿಂಗಳ ಮಗಳು ಜ್ವರದಲ್ಲಿ ಹೋದಮೇಲೆ ನನ್ನ ಹೆಂಡತಿ ಅಲ್ಮಾಸಬಿ ಮಾತು ಬಿಟ್ಟಳು. ರೊಟ್ಟಿ ಬಡಿಯುತ್ತಾಳೆ, ಅಂಗಳ ಗುಡಿಸುತ್ತಾಳೆ, ಮಾತೂ ಇಲ್ಲ, ಅಳುವೂ ಇಲ್ಲ. ಲಕ್ಷ್ಮೇಶ್ವರದ ದರ್ಗಾಕ್ಕೆ ಕರೆದೊಯ್ದೆ, ಶಿರಹಟ್ಟಿಯ ವೈದ್ಯರ ಟಾನಿಕ್ ಕುಡಿಸಿದೆ. ಎಂಟು ತಿಂಗಳು ಗೋಡೆಯೊಂದಿಗೆ ಸಂಸಾರ ಮಾಡಿದಂತಾಗಿ ನನಗೆ ಬಹಳ ಹೆದರಿಕೆಯಾಗಿತ್ತು. ತಮ್ಮಲ್ಲಿ ಒಂದು ಗುಳಿಗೆ ಬೇಡಿದಾಗ, ಇದಿನ್ನೂ ಇಲಿಗಳ ಹಂತದಲ್ಲಿದೆ, ಮನುಷ್ಯರ ಸರದಿ ಬರಲು ಹತ್ತು ವರ್ಷ ಬೇಕು ಎಂದಿರಿ. ಅಂದಿನಿಂದ ಇಲಿಗಳ ಭಾಗ್ಯ ಕಂಡು ಹೊಟ್ಟೆ ಉರಿದದ್ದು ನಿಜ. ಅವುಗಳ ದುಃಖಕ್ಕೆ ನಂಬರು, ಗಡಿಯಾರ, ಪ್ರತ್ಯೇಕ ರಜಿಸ್ಟರು. ಅಲ್ಮಾಸಬಿಯನ್ನು ನಲವತ್ತೊಂದನೇ ಇಲಿಯೆಂದು ಬರೆದುಕೊಳ್ಳಬೇಕಾಗಿ ಈಗಲೂ ವಿನಂತಿಸುತ್ತೇನೆ. ಬಾಲವೊಂದಿಲ್ಲ, ಉಳಿದ ಅರ್ಹತೆಗಳೆಲ್ಲ ಇವೆ.

ಆ ದಿನ ನಾನು ಮರೆತು ಬಂದಿದ್ದ ಬುತ್ತಿ ಕೊಡಲು ಆಕೆ ಬಾಗಿಲಿಗೆ ಬಂದಿದ್ದಳು. ಹದಿನೇಳನೇ ಇಲಿ ನಾಲ್ಕನೇ ನಿಮಿಷಕ್ಕೆ ಕಾಲು ಬಡಿಯುವುದನ್ನು ನಿಲ್ಲಿಸಿ ಮೂಗಿನ ತುದಿಯಷ್ಟೇ ಮೇಲಿಟ್ಟುಕೊಂಡಿತ್ತು. ಇನ್ನೂ ಎರಡು ನಿಮಿಷವಿದೆ ಎಂದು ತಾವು ಹೇಳಿದಿರಿ, ನಾನು ಕೈಕಟ್ಟಿ ನಿಂತಿದ್ದೆ. ಅಲ್ಮಾಸಬಿ ನೆಟ್ಟಗೆ ಒಳಗೆ ಬಂದು ತಮ್ಮ ಮುಖ ನೋಡಿ ಹೇಳಿದ್ದು ಇಷ್ಟೇ:

"ಅದಕ್ಕ ಸಾಕಾಗೇತ್ರಿ. ಹೊರಗ ತಗೀರಿ."

ತಾವು ಗಡಿಯಾರ ಬಿಡಲಿಲ್ಲ. ಆಕೆಯೇ ಜಾಡಿಗೆ ಕೈಹಾಕಿ ಇಲಿಯನ್ನೆತ್ತಿ, ಸೆರಗಿನಲ್ಲಿ ಒರೆಸಿ, ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕುಳಿತು, ಮಗಳ ಹೆಸರು ಹಿಡಿದು ಅತ್ತಳು. ಎಂಟು ತಿಂಗಳ ಅಳುವೆಲ್ಲ ಒಮ್ಮೆಗೇ ಬಂತು, ನನಗೂ ಬಂತು. ಗುಳಿಗೆ ನುಂಗಿದ್ದು ಇಲಿ, ಗುಣ ಕಂಡದ್ದು ನನ್ನ ಹೆಂಡತಿಗೆ; ಇಂಥ ಔಷಧ ಜಗತ್ತಿನಲ್ಲಿ ಇನ್ನೊಂದು ಇರಲಾರದು, ತಮ್ಮ ವರದಿಯಲ್ಲಿ ಇದನ್ನು ತಪ್ಪದೆ ಸೇರಿಸಿಕೊಳ್ಳಬೇಕು.

ತಮ್ಮ ಜಾಡಿಗಳಲ್ಲಿ ನೀರು ಎಂದೂ ಬತ್ತದಿರಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಮಾಶಾಕ ಹರಗೋಲ

ತಾಜಾ ಕಲಂ: ಕೀಲಿಕೈ ಒಪ್ಪಿಸಲು ಬಂದಾಗ ರಜಿಸ್ಟರು ತೆರೆದಿತ್ತು. ಹದಿನೇಳನೇ ಇಲಿ ಆರೂ ನಿಮಿಷ ಹುರುಪಿನಿಂದ ಈಜಿತೆಂದು ತಮ್ಮ ದುಂಡಗಿನ ಅಕ್ಷರದಲ್ಲಿದೆ. ಕೊನೆಯ ಎರಡು ನಿಮಿಷ ಅದು ನನ್ನ ಹೆಂಡತಿಯ ಮಡಿಲಲ್ಲಿತ್ತು. ಇರಲಿ, ನನ್ನ ತಕರಾರಿಲ್ಲ. ಪರೀಕ್ಷೆ ಮುಗಿದ ಇಲಿಗಳ ತಲೆ ತೆಗೆದು ಮೆದುಳು ನೋಡುವ ನಿಯಮ ನನಗೆ ಗೊತ್ತು, ಓದು ಬಾರದ ಅಲ್ಮಾಸಬಿಗೆ ಗೊತ್ತಿಲ್ಲ. ದಿನಾ ಬೆಳಿಗ್ಗೆ ಅದು ಹೇಗಿದೆ ಎಂದು ಕೇಳುತ್ತಾಳೆ. ಆರಾಮಾಗಿದೆ ಎಂದು ಒಂದು ಸಾಲು ಬರೆದು, ಮೊಹರು ಹಾಕಿ ಕಳಿಸಿರಿ, ನಾನು ಓದಿ ಹೇಳುತ್ತೇನೆ. ಎರಡು ನಿಮಿಷದ ಈಜನ್ನು ಬರೆದ ಕೈಗೆ ಅದೇನೂ ಕಷ್ಟವಾಗಲಾರದು.